ಲುವೇರೊದ ಮಂಡಲಿಗಳು, ಉಗಾಂಡದ ನೀರು

ವಿಕ್ಟೋರಿಯಾ ಸರೋವರದ ಉತ್ತರ ತೀರದಲ್ಲಿ, ಜಿಂಜಾ ಎಂಬ ಪಟ್ಟಣದ ಮಗ್ಗುಲಲ್ಲಿ, ನೈಲ್ ಮಹಾನದಿ ಸರೋವರದ ಮಡಿಲನ್ನು ಬಿಟ್ಟು ಹೊರಡುತ್ತದೆ. ಅಲ್ಲಿಂದ ಮುಂದೆ ಮರುಭೂಮಿಗಳನ್ನು ದಾಟಿ, ಪುರಾತನ ಸಾಮ್ರಾಜ್ಯಗಳನ್ನು ಸಾಕಿದ ದಡಗಳನ್ನು ತೊಳೆದು, ಮೆಡಿಟರೇನಿಯನ್ ಸಮುದ್ರವನ್ನು ಸೇರುವ ಆ ನದಿಯ ತವರಾದ ಉಗಾಂಡವೆಂಬ ದೇಶದಲ್ಲಿ ನೆಲದ ಸುಮಾರು ಆರರಲ್ಲೊಂದು ಪಾಲು ಕೆರೆ ಹೊಳೆ ಜೌಗುಗಳಿಂದ ಆವೃತವಾಗಿದೆ. ದಕ್ಷಿಣ ಭಾಗದಲ್ಲಿ ವರ್ಷಕ್ಕೆ ಎರಡು ಸಲ ಮಳೆಗಾಲ ಬರುತ್ತದೆ. ಬಾಳೆಯ ತೋಟಗಳು ಬೇಸಗೆಯಲ್ಲಿಯೂ ಹಸುರನ್ನು ಕಳೆದುಕೊಳ್ಳುವುದಿಲ್ಲ. ಇಷ್ಟಾಗಿಯೂ 1986ರಲ್ಲಿ ಆ ದೇಶದ ಗ್ರಾಮವಾಸಿಗಳಲ್ಲಿ ನಾಲ್ವರಿಗೆ ಒಬ್ಬರಂತೆಯೂ ಶುದ್ಧವಾದ ಕುಡಿಯುವ ನೀರು ದೊರೆಯುತ್ತಿರಲಿಲ್ಲ. ಹಳ್ಳಿಯ ಹೆಂಗಸರು ಬೆಳಗಿನ ಜಾವಕ್ಕೆ ಎದ್ದು, ದಿಬ್ಬ ಇಳಿದು, ದನಗಳು ಕಾಲಿಟ್ಟು ಕಲಕಿದ ಜೌಗಿನ ಹೊಂಡದಲ್ಲಿ ಬಟ್ಟಲಿನಿಂದ ನೀರನ್ನು ತೋಡಿ ತುಂಬಿಕೊಂಡು, ಮತ್ತೆ ದಿಬ್ಬ ಹತ್ತಬೇಕಾಗಿದ್ದಿತು. ನೀರಿನ ನಡುವೆಯೇ ನೀರಿಲ್ಲದೆ ಬಾಳಿದ ಈ ಜನ, ಒಂದು ಘೋರ ಅಂತರ್ಯುದ್ಧದ ತರುವಾಯ, ತಮ್ಮ ಊರಿನ ಮಂಡಲಿಗಳ ಮೂಲಕ ನೀರನ್ನು ಮನೆಯ ಹತ್ತಿರಕ್ಕೆ ತಂದುಕೊಂಡ ಬಗೆ, ಮತ್ತು ತಂದುಕೊಂಡದ್ದನ್ನು ಉಳಿಸಿಕೊಳ್ಳಲು ಪಟ್ಟ ಪಾಡು, ಈ ಲೇಖನದ ವಿಷಯ.

ಈ ದುಃಸ್ಥಿತಿಯನ್ನು ತಂದದ್ದು ಪ್ರಕೃತಿಯಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿಯೇ ಭೂಗರ್ಭ ಇಲಾಖೆಯವರು ಅಲ್ಲಲ್ಲಿ ಕೊಳವೆಬಾವಿಗಳನ್ನು ಕೊರೆಸಿದ್ದರು; 1962ರ ಅಕ್ಟೋಬರ್ 9ರಂದು ದೇಶ ಸ್ವತಂತ್ರವಾದ ಮೇಲೆಯೂ ಆ ಕಾರ್ಯ ಕೆಲವು ಕಾಲ ನಡೆಯಿತು. ಆದರೆ 1966ರಲ್ಲಿ ರಾಷ್ಟ್ರಾಧ್ಯಕ್ಷ ಮಿಲ್ಟನ್ ಒಬೋಟೆ ದೇಶದೊಳಗಣ ಬುಗಾಂಡ ರಾಜ್ಯದ ಅರಸನ ಮೆಂಗೊ ಅರಮನೆಗೆ ಸೈನ್ಯವನ್ನು ನುಗ್ಗಿಸಿ, ಮರುವರ್ಷದ ಹೊಸ ಸಂವಿಧಾನದ ಮೂಲಕ ಪ್ರಾಚೀನ ರಾಜ್ಯಗಳನ್ನು ರದ್ದುಪಡಿಸಿದಾಗ, ಅವುಗಳೊಡನೆ ಸ್ಥಳೀಯ ಆಡಳಿತಗಳ ಸ್ವಾತಂತ್ರ್ಯವೂ ಅಳಿದುಹೋಯಿತು. ಜಿಲ್ಲೆಯ ಸಣ್ಣಪುಟ್ಟ ನಿರ್ಧಾರಗಳೂ ರಾಜಧಾನಿ ಕಂಪಾಲಾದ ಮಂತ್ರಿಯ ಮೇಜಿನ ಮೇಲೆ ಹೋಗಿ ಕುಳಿತವು. 1971ರ ಜನವರಿ 25ರಂದು ಇದಿ ಅಮೀನ್ ಅಧಿಕಾರವನ್ನು ಅಪಹರಿಸಿದನು. ಮರುವರ್ಷವೇ, 90 ದಿನಗಳ ಗಡುವು ಕೊಟ್ಟು, ಭಾರತೀಯ ಮೂಲದ ವರ್ತಕರನ್ನೂ ಕುಶಲಕರ್ಮಿಗಳನ್ನೂ ದೇಶದಿಂದ ಹೊರದೂಡಿದನು. ಅವರ ಅಂಗಡಿಗಳ ಬಾಗಿಲು ಮುಚ್ಚಿದ್ದರ ಜೊತೆಗೆ ಪಂಪಿನ ಬಿಡಿಭಾಗಗಳನ್ನು ತರಿಸುವವರೂ, ಕಬ್ಬಿಣವನ್ನು ಕಡೆದು ಸರಿಮಾಡುವ ಕಾರ್ಖಾನೆಗಳೂ ಮಾಯವಾದವು. ಕೆಟ್ಟ ಪಂಪಿನ ರಿಪೇರಿಗೆ ಸರ್ಕಾರದ ಲಾರಿ ದೂರದ ಡಿಪೋದಿಂದ ಬರಬೇಕಾಗಿದ್ದ ವ್ಯವಸ್ಥೆಯಲ್ಲಿ, ಮೊದಲು ಪೆಟ್ರೋಲು ಇಲ್ಲವಾಯಿತು, ಅನಂತರ ಚಕ್ರದ ಟೈರು ಇಲ್ಲವಾಯಿತು, ಕಡೆಗೆ ಲಾರಿಯೇ ಇಲ್ಲವಾಯಿತು. 1979ರ ಏಪ್ರಿಲಿನಲ್ಲಿ ಅಮೀನ್ ಓಡಿಹೋದನು. 1980ರ ಡಿಸೆಂಬರಿನ ಚುನಾವಣೆಯಲ್ಲಿ ಒಬೋಟೆ ಮರಳಿ ಬಂದನು. ಆ ಚುನಾವಣೆ ನ್ಯಾಯವಾಗಿ ನಡೆಯಲಿಲ್ಲವೆಂಬ ಆಕ್ರೋಶವೇ ಮುಂದಿನ ಯುದ್ಧಕ್ಕೆ ಕಾರಣವಾಯಿತು.

1981ರ ಫೆಬ್ರವರಿ 6ರಂದು ಯೊವೇರಿ ಮುಸೆವೇನಿ ಎಂಬಾತನು ಬೆರಳೆಣಿಕೆಯ ಬಂದೂಕುಗಳೊಡನೆ ಕಬಾಂಬಾದ ಸೈನಿಕ ಠಾಣೆಯ ಮೇಲೆ ದಾಳಿಮಾಡಿ, ತನ್ನವರೊಡನೆ ಕಂಪಾಲಾದ ಉತ್ತರಕ್ಕಿರುವ ಲುವೇರೊ ಪ್ರಾಂತ್ಯದ ಕಾಡನ್ನು ಹೊಕ್ಕನು. ಮುಂದಿನ ಐದು ವರ್ಷಗಳಲ್ಲಿ ಆ ಪ್ರಾಂತ್ಯ ಅನುಭವಿಸಿದ ಯಾತನೆಯನ್ನು ಇಲ್ಲಿ ವಿಸ್ತರಿಸುವುದು ನನ್ನಿಂದಾಗದು. ಯುದ್ಧ ಮುಗಿದ ಮೇಲೆ ರಸ್ತೆಯ ಬದಿಯಲ್ಲಿ ಮನುಷ್ಯರ ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ ದೃಶ್ಯವನ್ನು ಜಗತ್ತು ಕಂಡಿತು ಎಂದಷ್ಟೇ ಹೇಳಿದರೆ ಸಾಕು. ನಮ್ಮ ಕಥೆಗೆ ಮುಖ್ಯವಾದದ್ದು ಆ ಕಾಡಿನ ಹಳ್ಳಿಗಳಲ್ಲಿ ಗುಟ್ಟಾಗಿ ಹುಟ್ಟಿಕೊಂಡ ಸಣ್ಣ ಸಣ್ಣ ಸಮಿತಿಗಳು. ಹೋರಾಟಗಾರರಿಗೆ ಗೆಣಸು ಬಾಳೆಕಾಯಿಗಳನ್ನು ಕೂಡಿಸುವುದು, ಸರ್ಕಾರದ ಸೈನ್ಯ ಬರುವ ಸುಳಿವನ್ನು ಮುಟ್ಟಿಸುವುದು, ಓಡಿಹೋಗುವವರಿಗೆ ದಾರಿ ತೋರಿಸುವುದು, ಹಳ್ಳಿಯೊಳಗಣ ಜಗಳಗಳನ್ನು ಬಗೆಹರಿಸುವುದು ಇವೆಲ್ಲ ಆ ಸಮಿತಿಗಳ ಹೊಣೆಯಾಗಿದ್ದಿತು. ಅವುಗಳ ಸದಸ್ಯರನ್ನು ಆರಿಸಿದವರು ಊರಿನ ಜನ. ಅದಕ್ಕೆ ಮೊದಲು ಹಳ್ಳಿಯ ಮೇಲೆ ಅಧಿಕಾರ ನಡೆಸುತ್ತಿದ್ದವರು ಮೇಲಿನಿಂದ ನೇಮಕವಾಗಿ ಬರುತ್ತಿದ್ದ ನಾಯಕರು. ತೆರಿಗೆ ಎತ್ತುವವನೂ, ತಪ್ಪಿದವನನ್ನು ಹಿಡಿಸುವವನೂ, ವಿಚಾರಣೆ ನಡೆಸುವವನೂ ಒಬ್ಬನೇ ಆಗಿದ್ದ ಆ ವ್ಯವಸ್ಥೆಯನ್ನು ಬ್ರಿಟಿಷರು ಬೆಳೆಸಿ ಬಿಟ್ಟುಹೋಗಿದ್ದರು. ಪ್ರಾಣಕ್ಕೇ ಸಂಚಕಾರವಿದ್ದ ಕಾಲದಲ್ಲಿ ಹಳ್ಳಿಗರು ತಮ್ಮವರನ್ನು ತಾವೇ ಆರಿಸಿಕೊಂಡು, ಅವರ ಮಾತಿಗೆ ತಾವೇ ಬದ್ಧರಾಗಿ ನಡೆದದ್ದು ಆ ನಾಡಿಗೆ ಹೊಸ ಅನುಭವ.

1986ರ ಜನವರಿ 26ರಂದು ಮುಸೆವೇನಿಯ ಸೈನ್ಯ ಕಂಪಾಲಾವನ್ನು ವಶಪಡಿಸಿಕೊಂಡಿತು. ಮೂರು ದಿನಗಳ ಬಳಿಕ ಆತ ರಾಷ್ಟ್ರಾಧ್ಯಕ್ಷನಾದನು. ಕಾಡಿನಲ್ಲಿ ಹುಟ್ಟಿದ ಸಮಿತಿಗಳನ್ನು ಕಾಡಿನಲ್ಲಿಯೇ ಬಿಡದೆ, ‘ಪ್ರತಿರೋಧ ಮಂಡಲಿ’ಗಳೆಂಬ ಹೆಸರಿನಿಂದ ದೇಶಕ್ಕೆಲ್ಲ ಹರಡಿ, 1987ರಲ್ಲಿ ಶಾಸನದ ಮೂಲಕ ಸ್ಥಿರಪಡಿಸಿದ್ದು ಹೊಸ ಸರ್ಕಾರದ ಮೊದಲ ಕಾರ್ಯಗಳಲ್ಲಿ ಒಂದು. ಹಳ್ಳಿಯ ಪ್ರತಿಯೊಬ್ಬ ವಯಸ್ಕನೂ ವಯಸ್ಕಳೂ ಗ್ರಾಮಮಂಡಲಿಯ ಸದಸ್ಯರು. ಅವರೆಲ್ಲ ಮರದ ನೆರಳಿನಲ್ಲಿ ಕೂಡಿ, ಅಭ್ಯರ್ಥಿಗಳ ಬೆನ್ನ ಹಿಂದೆ ಸಾಲು ನಿಂತು, ಎಲ್ಲರ ಕಣ್ಣೆದುರಿಗೆ ತಲೆ ಎಣಿಸಿ, 9 ಜನರ ಸಮಿತಿಯನ್ನು ಆರಿಸಬೇಕು. ಅದರಲ್ಲಿ ಒಂದು ಸ್ಥಾನ ಸ್ತ್ರೀಯರಿಗೆ ಮೀಸಲು. ಗ್ರಾಮದ ಮೇಲೆ ಪ್ಯಾರಿಷ್, ಅದರ ಮೇಲೆ ‘ಗೊಂಬೊಲೊಲ’ ಎಂದು ಲುಗಾಂಡ ಭಾಷೆಯಲ್ಲಿ ಕರೆಯುವ ಉಪತಾಲ್ಲೂಕು, ಅದರ ಮೇಲೆ ಕೌಂಟಿ, ಎಲ್ಲಕ್ಕೂ ಮೇಲೆ ಜಿಲ್ಲೆ, ಹೀಗೆ ಐದು ಮೆಟ್ಟಿಲುಗಳ ಏಣಿ. ಸಾಲು ನಿಂತು ಮತ ಕೊಡುವ ಪದ್ಧತಿಯಲ್ಲಿ ಗುಟ್ಟಿಲ್ಲವೆಂಬ ದೋಷವಿದ್ದಿತು, ನಿಜ. ಆದರೆ ಕಳ್ಳ ಎಣಿಕೆಯಿಂದಲೇ ಯುದ್ಧಕ್ಕೆ ಬಿದ್ದಿದ್ದ ಒಂದು ಜನಾಂಗ, ನಿಂತ ತಲೆಗಳನ್ನು ತಾನೇ ಎಣಿಸಿ ನೋಡಬಯಸಿದ್ದು ಸ್ವಾಭಾವಿಕವೆಂದು ನನಗೆ ತೋರುತ್ತದೆ.

ಇಲ್ಲಿ ಕನ್ನಡ ಓದುಗನಿಗೆ ಒಂದು ಸಾಮ್ಯ ಹೊಳೆಯದಿರದು. ಅದೇ 1987ರ ಜನವರಿಯಲ್ಲಿ ನಮ್ಮ ಕರ್ನಾಟಕದಲ್ಲಿಯೂ ಹೊಸ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. 1983ರ ಶಾಸನ ಸ್ತ್ರೀಯರಿಗೆ ನಾಲ್ಕರಲ್ಲೊಂದು ಸ್ಥಾನವನ್ನು ಕಾದಿರಿಸಿದ್ದಿತು. ಆ ಶಾಸನದ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನ ‘ನೀರ್ ಸಾಬ್’ ಎಂದು ಅಕ್ಕರೆಯಿಂದ ಕರೆದದ್ದು ಊರೂರಿಗೆ ಅವರು ಕೊರೆಸಿದ ಬೋರ್‌ವೆಲ್‌ಗಳಿಗಾಗಿ. ಪಂಚಾಯಿತಿಯ ಅಧಿಕಾರ ಮತ್ತು ಕುಡಿಯುವ ನೀರು ಈ ಎರಡನ್ನೂ ಒಬ್ಬನೇ ಮನುಷ್ಯ ತನ್ನ ಜೀವಿತದ ಕೊನೆಯ ವರ್ಷಗಳಲ್ಲಿ ಒಟ್ಟಿಗೆ ಹಿಡಿದದ್ದು ಆಕಸ್ಮಿಕವಾಗಿರಲಾರದು. ನೀರು ಬೇಕೆಂಬ ಒಂದು ವಿಷಯದಲ್ಲಿ ಹಳ್ಳಿಯ ಬಡವನೂ ಬಲ್ಲಿದನೂ ಒಂದೇ ಸಭೆಗೆ ಬರುತ್ತಾರೆ. ಸಭೆಯ ಬೆಲೆ ಅವರಿಗೆ ಮೊದಲು ಗೊತ್ತಾಗುವುದೂ ಅಲ್ಲಿಯೇ.

ಉಗಾಂಡದಲ್ಲಿ ಆ ಸಭೆಗಳ ಮೊದಲ ಕೆಲಸ ಊಟೆಗಳನ್ನು ಕಾಪಾಡುವುದಾಗಿದ್ದಿತು. ದಕ್ಷಿಣ ಮತ್ತು ಪೂರ್ವದ ಗುಡ್ಡಗಾಡಿನಲ್ಲಿ ದಿಬ್ಬದ ಬುಡಗಳಿಂದ ನೀರಿನ ಸೆಲೆಗಳು ಸಹಜವಾಗಿ ಒಸರುತ್ತವೆ. ಸೆಲೆಯ ನೀರು ಶುದ್ಧವಾಗಿದ್ದರೂ, ಹೊರಬಂದು ಗುಂಡಿಯಲ್ಲಿ ನಿಂತೊಡನೆ ದನದ ಗೊರಸಿನಿಂದಲೂ ಮಳೆಯ ಕೊಚ್ಚೆಯಿಂದಲೂ ಕೆಡುತ್ತದೆ. ಅದಕ್ಕೆ ಮಾಡಬೇಕಾದ ಕೆಲಸ ದೊಡ್ಡದಲ್ಲ, ಆದರೆ ಹಲವು ಕೈಗಳನ್ನು ಬೇಡುತ್ತದೆ. ಮೊದಲು ಗುಂಡಿಯ ನೀರನ್ನು ಕಡಿದು ಹರಿಯಬಿಟ್ಟು, ಒಸರು ನಿಜವಾಗಿ ಹೊರಡುವ ಕಣ್ಣನ್ನು ಹುಡುಕುತ್ತ ದಿಬ್ಬದೊಳಕ್ಕೆ ಅಗೆಯಬೇಕು. ಕಣ್ಣು ಸಿಕ್ಕಿದ ಮೇಲೆ ಅದರ ಸುತ್ತ ದಪ್ಪ ಕಲ್ಲುಗಳನ್ನು ತುಂಬಿ, ಮುಂದೆ ಗೋಡೆಯನ್ನು ಕಟ್ಟಿ, ಗೋಡೆಯಲ್ಲಿ ಒಂದು ಕೊಳಾಯಿಯನ್ನು ಹುದುಗಿಸಬೇಕು. ಕಲ್ಲಿನ ಮೇಲೆ ಜೇಡಿಮಣ್ಣನ್ನು ತುಳಿದು ಹದಗೊಳಿಸಿ ಮುಚ್ಚಿ, ಅದರ ಮೇಲೆ ಹುಲ್ಲು ನೆಟ್ಟು, ಮೇಲುಗಡೆ ಮಳೆನೀರನ್ನು ತಿರುಗಿಸುವ ಚರಂಡಿಯೊಂದನ್ನೂ ಸುತ್ತ ಬೇಲಿಯನ್ನೂ ಹಾಕಬೇಕು. ಆ ಕೊಳಾಯಿ ಎಷ್ಟು ಎತ್ತರದಲ್ಲಿರಬೇಕೆಂಬುದನ್ನು ನಿರ್ಧರಿಸುವುದು ಯಾವ ಗ್ರಂಥವೂ ಅಲ್ಲ. ಆ ನಾಡಿನ ಮನೆಮನೆಯಲ್ಲಿರುವ, 20 ಲೀಟರು ಹಿಡಿಯುವ ಹಳದಿ ಬಣ್ಣದ ಪ್ಲಾಸ್ಟಿಕ್ ಕ್ಯಾನು ಅದರ ಕೆಳಗೆ ನೆಟ್ಟಗೆ ನಿಲ್ಲುವಂತಿರಬೇಕು, ಅಷ್ಟೆ. ಬುಗಾಂಡದಲ್ಲಿ ಇಂಥ ಸಾರ್ವಜನಿಕ ಕೆಲಸಗಳಿಗೆ ಊರವರು ಕೂಲಿಯಿಲ್ಲದೆ ಕೂಡುವ ಹಳೆಯ ಪದ್ಧತಿಯೊಂದಿದ್ದಿತು. ‘ಬುಲುಂಗಿ ಬ್ವಾನ್ಸಿ’ ಎಂದು, ಅಂದರೆ ನಾಡಿನ ಒಳಿತೆಂದು, ಅದಕ್ಕೆ ಹೆಸರು. ಯಾರೂ ಮಲಗಿರಬಾರದೆಂದು ಸಾರುವ ಡೋಲಿನ ಸದ್ದು ಮುಂಜಾನೆ ಕೇಳಿದರೆ ಗುದ್ದಲಿ ಹಿಡಿದು ಹೊರಡತಕ್ಕದ್ದು. ನಾಯಕರ ಕಾಲದಲ್ಲಿ ಅದು ಬಲವಂತದ ಬಿಟ್ಟಿಯಾಗಿ ಕೆಟ್ಟುಹೋಗಿದ್ದಿತು. ತಾವೇ ಆರಿಸಿದ ಸಮಿತಿ ಕರೆದಾಗ, ತಮ್ಮ ಸೆಲೆಗಾಗಿಯೇ ಕರೆದಾಗ, ಅದೇ ಪದ್ಧತಿ ಪುನರುಜ್ಜೀವನ ಪಡೆಯಿತು.

ಹೊರಗಿನ ಸಹಾಯವೂ ಈ ಕಾಲದಲ್ಲಿ ದೊರೆಯಿತು. ನೈಋತ್ಯದ ಜಿಲ್ಲೆಗಳಲ್ಲಿ 1987ರಿಂದ ಯುನಿಸೆಫ್‌ನ ಆಶ್ರಯದಲ್ಲಿ ಒಂದು ಯೋಜನೆ ನಡೆಯಿತು. ಪೂರ್ವದಲ್ಲಿ 1991ರಿಂದ ಡೆನ್ಮಾರ್ಕಿನ ಹಣದಿಂದ ‘ರುವಾಸಾ’ ಎಂಬ ಗ್ರಾಮೀಣ ನೀರು ಮತ್ತು ನೈರ್ಮಲ್ಯ ಯೋಜನೆ ಮುಕೋನೊದಿಂದ ಎಂಬಾಲೆಯವರೆಗಿನ ಜಿಲ್ಲೆಗಳಲ್ಲಿ ಒಂದು ದಶಕದ ಕಾಲ ಕೆಲಸಮಾಡಿತು. ಈ ಯೋಜನೆಗಳ ವಿಶೇಷವೆಂದರೆ, ಊರು ಕೇಳದೆ ಬಾವಿ ಕೊರೆಯಬಾರದೆಂಬ ನಿಯಮ. ಗ್ರಾಮಮಂಡಲಿ ಅರ್ಜಿ ಹಾಕಬೇಕು, ಖರ್ಚಿನ ಒಂದು ಸಣ್ಣ ಪಾಲನ್ನು ಕೂಡಿಸಬೇಕು, ನೀರು ಬಳಸುವವರ ಸಮಿತಿಯೊಂದನ್ನು ಆರಿಸಬೇಕು. ಆ ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಸಮಿತಿ ನೇಮಿಸಿದ ಪಾಲಕಿ ದಿನವೂ ಕಟ್ಟೆಯನ್ನು ಗುಡಿಸಿ, ಚರಂಡಿಯಲ್ಲಿ ನೀರು ನಿಲ್ಲದಂತೆ ನೋಡಿ, ಪಂಪಿನ ಬೋಲ್ಟುಗಳನ್ನು ಬಿಗಿಮಾಡಬೇಕು. ಸ್ಪಾನರನ್ನು ಕೈಯಲ್ಲಿ ಹಿಡಿದ ಹೆಂಗಸು ಆ ಹಳ್ಳಿಗಳಿಗೆ ಅಪರೂಪದ ನೋಟವಾಗಿದ್ದಿತು. ಆದರೆ ಪಂಪು ಕೆಟ್ಟರೆ ಮತ್ತೆ ಜೌಗಿಗೆ ಇಳಿಯಬೇಕಾದವಳು ಅವಳೇ ಆದುದರಿಂದ, ಆ ಸ್ಪಾನರನ್ನು ಅವಳಷ್ಟು ಜಾಗರೂಕತೆಯಿಂದ ಇನ್ನಾರೂ ಕಾಯುವ ಸಂಭವವಿರಲಿಲ್ಲ.

ಪಂಪೆಂದೆನಲ್ಲವೆ? ಲುಗಾಂಡದಲ್ಲಿ ಅದನ್ನು ‘ನಾಯಿಕೊಂಟೊ’ ಎನ್ನುತ್ತಾರೆ. ಆದರೆ ಅದರ ರೂಪವನ್ನು ಕಂಡ ಕನ್ನಡಿಗನು ಯಾರೂ ಹೆಸರು ಹೇಳದೆಯೇ ಗುರುತಿಸಿಯಾನು. ಅದು ನಮ್ಮ ಹಳ್ಳಿಗಳ ನಡುವೆ, ದೇವಸ್ಥಾನದ ಮುಂದೆ, ಶಾಲೆಯ ಪಕ್ಕದಲ್ಲಿ ನಿಂತಿರುವ, ‘ಬೋರಿಂಗ್’ ಎಂದು ನಾವು ಕರೆಯುವ ‘ಇಂಡಿಯಾ ಮಾರ್ಕ್ 2’ ಎಂಬ ಪಂಪೇ. 1970ರ ದಶಕದಲ್ಲಿ, ಸೊಲ್ಲಾಪುರದ ಕಡೆಯ ಒಂದು ಗಟ್ಟಿ ಪಂಪನ್ನು ಮೂಲಮಾದರಿಯಾಗಿಟ್ಟುಕೊಂಡು, ಭಾರತ ಸರ್ಕಾರವೂ ಯುನಿಸೆಫ್ ಸಂಸ್ಥೆಯೂ ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರೂಡಾಸ್ ಕಾರ್ಖಾನೆಯ ನೆರವಿನಿಂದ ರೂಪಿಸಿದ ಈ ಪಂಪು, ಮನೆಯೊಂದರ ಬಳಕೆಗಾಗಿ ಹುಟ್ಟಿದ ಹಳೆಯ ಬೀಡುಕಬ್ಬಿಣದ ಪಂಪುಗಳಂತೆ ವಾರಕ್ಕೊಮ್ಮೆ ಮುರಿಯದೆ, ಇಡೀ ಊರಿನ ಕೈಗಳ ಬಲವನ್ನು ದಿನವಿಡೀ ತಾಳಬಲ್ಲದ್ದು. ಉಗಾಂಡ ತನ್ನ ದೇಶಕ್ಕೆ ಅದನ್ನೇ ಆರಿಸಿಕೊಂಡು, ‘ಯು-2’ ಎಂದು ಹೊಸ ಹೆಸರಿಟ್ಟಿತು. ಒಂದು ಕಾಲಕ್ಕೆ ಭಾರತೀಯರನ್ನು ಹೊರದೂಡಿದ ನೆಲಕ್ಕೆ ಭಾರತದ ಪಂಪು ಹೋಗಿ ನೆಲಸಿದ್ದನ್ನು ನೆನೆದರೆ ನನ್ನ ಮನಸ್ಸು ಆರ್ದ್ರವಾಗುತ್ತದೆ.

ಈ ಪಂಪಿನ ಗುಣದೊಡನೆ ಒಂದು ಕಷ್ಟವೂ ಬಂದಿತು. ಹಿಡಿ ತಿರುಗುವ ಅಚ್ಚಿನ ಬೇರಿಂಗು, ಒಳಗಣ ಸರಪಣಿ ಇವು ಮೇಲ್ಗಡೆ ಇರುವುದರಿಂದ ಕೈಗೆ ಸಿಗುತ್ತವೆ. ನೀರನ್ನು ಎತ್ತುವ ಸಿಲಿಂಡರು ಮಾತ್ರ ನೆಲದ ಹೊಟ್ಟೆಯಲ್ಲಿ, ನೂರು ನೂರೈವತ್ತು ಅಡಿ ಆಳದಲ್ಲಿ ಜೋತಿರುತ್ತದೆ. ಅದರೊಳಗಿನ ವಾಷರು ಸವೆದಾಗ, ಸುಮಾರು 3 ಮೀಟರು ಉದ್ದದ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲೆಳೆದು, ಒಂದನ್ನು ಬಿಚ್ಚುವಾಗ ಉಳಿದವು ಜಾರಿ ಬಾವಿಗೆ ಬೀಳದಂತೆ ಬಿಗಿಹಿಡಿದು, ಸಾಲಾಗಿ ಹುಲ್ಲಿನ ಮೇಲೆ ಮಲಗಿಸಬೇಕು. ನಾಲ್ಕೈದು ಜನರ ತೋಳ್ಬಲವೂ, ಒಬ್ಬ ತಿಳಿದವನ ಮಾರ್ಗದರ್ಶನವೂ ಇಲ್ಲದೆ ಅದು ಸಾಧ್ಯವಿಲ್ಲ. ಆ ತಿಳಿದವನನ್ನು ಹಳ್ಳಿಗಳಲ್ಲಿಯೇ ಸಿದ್ಧಪಡಿಸಿದ್ದು ಉಗಾಂಡದ ಪ್ರಯೋಗದ ಅತ್ಯುತ್ತಮ ಅಂಶವೆಂದು ನಾನು ಭಾವಿಸುತ್ತೇನೆ. ಪ್ರತಿ ಗೊಂಬೊಲೊಲದಲ್ಲಿ ಒಬ್ಬಿಬ್ಬರು ಯುವಕರಿಗೆ ಶಿಕ್ಷಣ ಕೊಟ್ಟು, ಸೈಕಲ್ಲನ್ನೂ ಸಲಕರಣೆಗಳ ಪೆಟ್ಟಿಗೆಯನ್ನೂ ಒದಗಿಸಿ, ಪಂಪು ರಿಪೇರಿಗಾರರನ್ನಾಗಿ ಮಾಡಿದರು. ಆ ರಿಪೇರಿಗಾರನು ಸರ್ಕಾರದ ಸಂಬಳದ ನೌಕರನಲ್ಲ. ನೀರು ಸಮಿತಿಯ ಖಜಾಂಚಿ ಮನೆಮನೆಯಿಂದ ಎತ್ತಿದ ಚಿಲ್ಲರೆ ಹಣದಿಂದ ಅವನ ಕೂಲಿ ಸಲ್ಲಬೇಕು. ಡಿಪೋದ ಲಾರಿಯನ್ನು ತಿಂಗಳುಗಟ್ಟಲೆ ಕಾಯುತ್ತಿದ್ದ ಜಾಗಕ್ಕೆ, ಪಕ್ಕದೂರಿನ ಸೈಕಲ್ಲು ಎರಡು ದಿನದಲ್ಲಿ ಬರತೊಡಗಿತು.

ಶುದ್ಧ ನೀರಿನ ಬೆಲೆಯನ್ನು ತಿಳಿಯಬೇಕಾದರೆ ಉತ್ತರದ ಹಳ್ಳಿಗಳಲ್ಲಿದ್ದ ನಾರುಹುಣ್ಣಿನ ಸಂಗತಿಯನ್ನು ನೆನೆಯಬೇಕು. ಹೊಂಡದ ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಯ ಮೂಲಕ ದೇಹವನ್ನು ಹೊಕ್ಕ ಹುಳು, ಒಂದು ವರ್ಷ ಕಳೆದ ಮೇಲೆ, ಎರಡು ಮೂರು ಅಡಿ ಉದ್ದದ ಬಿಳಿಯ ನಾರಿನಂತೆ ಕಾಲಿನ ಚರ್ಮವನ್ನು ಸೀಳಿಕೊಂಡು ಹೊರಬರುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗಿಟ್ಟರೆ ಹುಳು ತನ್ನ ಮರಿಗಳನ್ನು ಮತ್ತೆ ಅದೇ ನೀರಿಗೆ ಬಿಡುತ್ತದೆ. ರಾಯಚೂರು ಗುಲ್ಬರ್ಗಾ ಕಡೆಯ ಮೆಟ್ಟಿಲುಬಾವಿಗಳ ನೀರು ಕುಡಿದ ನಮ್ಮ ಹಿರಿಯರು ಈ ಯಾತನೆಯನ್ನು ಬಲ್ಲರು. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುತ್ತಿದ್ದರು. ಉಗಾಂಡದಲ್ಲಿ 1992ರ ಒಂದೇ ವರ್ಷದಲ್ಲಿ 1,26,000ಕ್ಕೂ ಹೆಚ್ಚು ಜನ ಇದರಿಂದ ನರಳುತ್ತಿದ್ದುದು ಲೆಕ್ಕಕ್ಕೆ ಸಿಕ್ಕಿತು. ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರು ರೋಗಿಗಳನ್ನು ಗುರುತಿಸಿ, ಬಟ್ಟೆಯಲ್ಲಿ ನೀರನ್ನು ಸೋಸಿ ಕುಡಿಯುವುದನ್ನು ಕಲಿಸಿ, ಬೋರುಬಾವಿಗಳು ಎಲ್ಲಿ ಮೊದಲು ಬೇಕೆಂದು ಹೇಳಿದರು. 2003ರ ಬಳಿಕ ಆ ದೇಶದಲ್ಲಿ ಹುಟ್ಟಿದ ಒಂದು ನಾರುಹುಣ್ಣೂ ಕಾಣಲಿಲ್ಲ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಗಾಂಡವನ್ನು ಆ ರೋಗದಿಂದ ಮುಕ್ತವೆಂದು ಘೋಷಿಸಿತು. ಸುತ್ತ ಯುದ್ಧ ನಡೆಯುತ್ತಿದ್ದ ಪ್ರದೇಶಗಳಲ್ಲಿಯೂ ಹಳ್ಳಿಯ ಜನ ಸಾಧಿಸಿದ ಈ ವಿಜಯವನ್ನು ನೆನೆದು ನಾನು ಕೈಮುಗಿಯುತ್ತೇನೆ.

ಅಧಿಕಾರ ಇದ್ದು ಹಣವಿಲ್ಲದಿದ್ದರೆ ಮಂಡಲಿ ಬರಿಯ ಮಾತಿನ ಮಂಟಪವಾಗುತ್ತದೆ. 1992ರ ಅಕ್ಟೋಬರಿನಲ್ಲಿ ಸರ್ಕಾರ ವಿಕೇಂದ್ರೀಕರಣವನ್ನು ಸಾರಿತು. 1993ರ ಶಾಸನದ ಮೇಲೆ ಮೊದಲು 13 ಜಿಲ್ಲೆಗಳ ಕೈಗೆ ಅವುಗಳ ಆಯವ್ಯಯ ಬಂದಿತು. 1995ರ ಸಂವಿಧಾನ ಅದನ್ನು ಭದ್ರಪಡಿಸಿತು. ಪ್ರತಿರೋಧ ಮಂಡಲಿಗಳು ‘ಸ್ಥಳೀಯ ಮಂಡಲಿ’ಗಳಾದವು. 1997ರ ಸ್ಥಳೀಯ ಸರ್ಕಾರಗಳ ಶಾಸನ ಹಳ್ಳಿಯ ನೀರಿನ ಹೊಣೆಯನ್ನು ಜಿಲ್ಲೆಗೂ ಅದರ ಕೆಳಗಣ ಮಂಡಲಿಗಳಿಗೂ ವಹಿಸಿ, ಮಂಡಲಿಗಳಲ್ಲಿ ಮೂರರಲ್ಲೊಂದು ಪಾಲು ಸ್ತ್ರೀಯರಿರಬೇಕೆಂದು ವಿಧಿಸಿತು. ಮರುವರ್ಷ ಒಂದು ಭಾಗ್ಯವೂ ಒದಗಿತು: ಬಡರಾಷ್ಟ್ರಗಳ ಸಾಲವಿಮೋಚನೆಯ ಅಂತಾರಾಷ್ಟ್ರೀಯ ವ್ಯವಸ್ಥೆಯಲ್ಲಿ 1998ರ ಏಪ್ರಿಲಿನಲ್ಲಿ ಮೊತ್ತಮೊದಲು ಸಾಲದ ಹೊರೆ ಇಳಿಸಿಕೊಂಡ ದೇಶ ಉಗಾಂಡ. ಹಾಗೆ ಉಳಿದ ಹಣವನ್ನು ಬಡತನ ನಿವಾರಣೆಯ ನಿಧಿಯೊಂದರಲ್ಲಿ ಬೇರೆಯಾಗಿಟ್ಟು, ಅದರಿಂದ ಪ್ರತಿ ಜಿಲ್ಲೆಗೂ ನೀರಿಗೆಂದೇ ಮೀಸಲಾದ ಅನುದಾನವನ್ನು ಕೊಡತೊಡಗಿದರು. ನೀರಿನ ಮಂತ್ರಾಲಯ ತಾನೇ ಬಾವಿ ಕೊರೆಯುವುದನ್ನು ಬಿಟ್ಟು ಮಾರ್ಗದರ್ಶನಕ್ಕೆ ನಿಂತಿತು. ಜಿಲ್ಲೆಯ ನೀರಿನ ಕಛೇರಿ ಟೆಂಡರು ಕರೆದು ಖಾಸಗಿ ಕಂಟ್ರಾಕ್ಟರರಿಂದ ಕೊರೆಸಿತು. ಜಿಲ್ಲೆಗೆ ಎಷ್ಟು ಹಣ ಬಂದಿತೆಂಬುದನ್ನು ಪತ್ರಿಕೆಗಳಲ್ಲಿಯೂ ಕಛೇರಿಯ ಗೋಡೆಯ ಮೇಲೂ ಪ್ರಕಟಿಸಬೇಕೆಂಬ ಪದ್ಧತಿಯೂ ಆ ವರ್ಷಗಳಲ್ಲಿ ಬೆಳೆಯಿತು. 2010ರ ಹೊತ್ತಿಗೆ, ಸರ್ಕಾರದ ಲೆಕ್ಕದಂತೆ, ಗ್ರಾಮವಾಸಿಗಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ಶುದ್ಧ ನೀರು ಎಟುಕುವಂತಾಗಿದ್ದಿತು. ಕಾಲು ಶತಮಾನದ ಹಿಂದಿನ ಹಾಳುಬಿದ್ದ ದೇಶವನ್ನು ನೆನೆದರೆ ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲು ಇದ್ದಿತು: ಹಾಕಿದ ಪಂಪುಗಳಲ್ಲಿ ಸುಮಾರು ಐದಕ್ಕೆ ಒಂದು ಕೆಟ್ಟು ನಿಂತಿದ್ದಿತು. ಇದಕ್ಕೆ ಕಾರಣವನ್ನು ಕಬ್ಬಿಣದಲ್ಲಿ ಹುಡುಕುವ ಮೊದಲು ಮಂಡಲಿಗಳಲ್ಲಿ ಹುಡುಕಬೇಕು. ಜಿಲ್ಲೆಗೆ ಬರುವ ಹಣದ ಬಹುಪಾಲು ಕಂಪಾಲಾದಿಂದ ಷರತ್ತುಗಳೊಡನೆ ಬರುತ್ತಿದ್ದಿತು. ಅದರಲ್ಲಿ ಹೊಸ ಬಾವಿಗೆ ಸಿಕ್ಕಷ್ಟು ಹಳೆಯ ಬಾವಿಯ ರಿಪೇರಿಗೆ ಸಿಗುತ್ತಿರಲಿಲ್ಲ. ಮಂಡಲಿಗಳು ತಾವಾಗಿ ಎತ್ತುತ್ತಿದ್ದ ಮುಖ್ಯ ವರಮಾನವಾದ ತಲೆತೆರಿಗೆಯನ್ನು 2005ರಲ್ಲಿ ಸರ್ಕಾರ ನಿಲ್ಲಿಸಿಬಿಟ್ಟಿತು. ಆ ತೆರಿಗೆಯನ್ನು ಎತ್ತುತ್ತಿದ್ದ ರೀತಿ ಬಡವರಿಗೆ ಕ್ರೂರವಾಗಿದ್ದಿತು, ಅದು ಹೋದುದಕ್ಕೆ ಅಳುವವರು ಕಡಮೆ. ಆದರೆ ಅದರ ಜಾಗಕ್ಕೆ ಬೇರೆ ವರಮಾನ ಬರಲಿಲ್ಲ. ಅದೇ ವರ್ಷ ಜಿಲ್ಲೆಯ ಮುಖ್ಯ ಆಡಳಿತಾಧಿಕಾರಿಯನ್ನು ನೇಮಿಸುವ ಅಧಿಕಾರವೂ ಜಿಲ್ಲೆಯಿಂದ ಕೇಂದ್ರಕ್ಕೆ ಮರಳಿತು. ಇತ್ತ 1986ರಲ್ಲಿ 33 ಇದ್ದ ಜಿಲ್ಲೆಗಳು 1997ಕ್ಕೆ 45 ಆಗಿ, 2010ಕ್ಕೆ ನೂರನ್ನೂ ಮೀರಿ, ಒಂದೊಂದು ಹೊಸ ಜಿಲ್ಲೆಗೂ ಹೊಸ ಕಛೇರಿ, ಹೊಸ ಜೀಪು, ಹೊಸ ಗುಮಾಸ್ತರು ಬೇಕಾದರು. ನೀರಿನ ಎಂಜಿನಿಯರು ಮಾತ್ರ ಎಲ್ಲ ಕಡೆಗೂ ಸಿಗಲಿಲ್ಲ. ಚುನಾವಣೆ ಬಂದಾಗಲೆಲ್ಲ, ನೀರಿಗೆ ಏಕೆ ಹಣ ಕೊಡುತ್ತೀರಿ, ಅದು ಸರ್ಕಾರ ಕೊಡತಕ್ಕದ್ದು ಎಂದು ವೇದಿಕೆಯಿಂದ ಹೇಳುವವರು ಹುಟ್ಟಿಕೊಂಡರು. ಖಜಾಂಚಿಯ ಡಬ್ಬಿ ಖಾಲಿಯಾಯಿತು. ವಾಷರಿಗೆ ಬೇಕಾದ ಅಲ್ಪ ಹಣ ಕೂಡದೆ ಇಡೀ ಪಂಪು ತಿಂಗಳುಗಟ್ಟಲೆ ಸುಮ್ಮನೆ ನಿಲ್ಲುವಂತಾಯಿತು.

ಹಳ್ಳಿಯ ಮಂಡಲಿಗೆ ಬಿದ್ದ ಪೆಟ್ಟು ಇನ್ನೂ ಕಠಿಣವಾದದ್ದು. ಬಹುಪಕ್ಷ ಪದ್ಧತಿ ಬಂದ ಮೇಲೆ, ಹಳೆಯ ಪಕ್ಷಾತೀತ ವ್ಯವಸ್ಥೆಯಲ್ಲಿ ಆರಿಸಿದ ಗ್ರಾಮ ಮತ್ತು ಪ್ಯಾರಿಷ್ ಮಂಡಲಿಗಳು ಸಂವಿಧಾನಬಾಹಿರವೆಂದು 2007ರಲ್ಲಿ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು. ಹೊಸ ಚುನಾವಣೆಯನ್ನು ಹಣದ ಕೊರತೆ ಹೇಳಿ ಮತ್ತೆ ಮತ್ತೆ ಮುಂದೂಡಿದರು. 2001ರಲ್ಲಿ ಆರಿಸಿ ಬಂದ ಗ್ರಾಮಾಧ್ಯಕ್ಷರೇ ಮುದ್ರೆಯನ್ನು ಮನೆಯಲ್ಲಿಟ್ಟುಕೊಂಡು ಮುಂದುವರಿದರು. ಕೆಲವರು ತೀರಿಕೊಂಡರು, ಕೆಲವರು ಊರು ಬಿಟ್ಟರು. ಅವರ ಸ್ಥಾನಗಳು ಹಾಗೆಯೇ ಉಳಿದವು. ಊರಿನ ಸಭೆಯನ್ನು ಕರೆಯುವ ಹಕ್ಕುಳ್ಳವನೇ ಇಲ್ಲದಿರುವಾಗ, ನೀರು ಸಮಿತಿಯಲ್ಲಿ ಲೆಕ್ಕ ಕೇಳುವವರು ಯಾರು? ಲುವೇರೊದ ಕಾಡಿನಲ್ಲಿ ಸಾವಿನ ಭಯದ ನಡುವೆಯೂ ಮುಂದುವರಿದ ಒಂದು ಸಂಸ್ಥೆ, ಶಾಂತಿಯ ಕಾಲದಲ್ಲಿ ಕಾಗದಪತ್ರಗಳ ನಡುವೆ ಬಡವಾಯಿತು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ದುಃಖ ತರುವ ಭಾಗ ಇದೇ.

ಉತ್ತರದ ಅಚೋಲಿ ನಾಡಿಗೆ ಶಾಂತಿ ಬಂದದ್ದೇ ತಡವಾಗಿ. ಜೋಸೆಫ್ ಕೋನಿಯ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಪಡೆಯೊಡನೆ ಎರಡು ದಶಕಗಳ ಕಾಲ ನಡೆದ ಯುದ್ಧದಲ್ಲಿ, 1996ರಿಂದ ಹಳ್ಳಿಗರನ್ನು ಸರ್ಕಾರ ಶಿಬಿರಗಳಿಗೆ ಸಾಗಿಸಿತು. ಅತ್ಯಂತ ಕೆಟ್ಟ ಕಾಲದಲ್ಲಿ ಹದಿನೆಂಟು ಲಕ್ಷದಷ್ಟು ಜನ ನಿರ್ವಸಿತರಾಗಿದ್ದರು. ಶಿಬಿರದ ಬೋರಿನ ಮುಂದೆ ಹಳದಿ ಕ್ಯಾನುಗಳ ಸಾಲು ಇರುಳಿಡೀ ಕಾದಿರುತ್ತಿದ್ದಿತು. ಮನುಷ್ಯರಿಗೆ ಬದಲಾಗಿ ಕ್ಯಾನುಗಳೇ ಸರತಿಯಲ್ಲಿ ನಿಲ್ಲುತ್ತಿದ್ದವು. 2006ರ ಆಗಸ್ಟಿನಲ್ಲಿ ನೆರೆಯ ಸುಡಾನಿನ ಜೂಬಾದಲ್ಲಿ ಯುದ್ಧವಿರಾಮಕ್ಕೆ ಸಹಿ ಬಿದ್ದ ಮೇಲೆ ಜನ ತಮ್ಮ ತಮ್ಮ ಹಳ್ಳಿಗಳಿಗೆ ಮರಳಿದರು. ಅಲ್ಲಿ ಅವರನ್ನು ಎದುರುಗೊಂಡದ್ದು ಪೊದೆ ಬೆಳೆದ ಹಳೆಯ ಬೋರುಗಳು. ಹೊಸದಾಗಿ ಕೊರೆಸಿದ ಬಾವಿಗಳೆಲ್ಲ ಹಿಂದೆ ಬಿಟ್ಟುಬಂದ ಶಿಬಿರಗಳಲ್ಲಿದ್ದವು. ಉತ್ತರದ ಪುನರ್ನಿರ್ಮಾಣಕ್ಕೆಂದು 2007ರಲ್ಲಿ ಪ್ರಕಟವಾದ ಯೋಜನೆಯ ಹಣ ಗುಲು, ಕಿಟ್ಗುಮ್, ಪಾಡೆರ್ ಜಿಲ್ಲೆಗಳ ಮೂಲಕ ಹರಿದು, ಮರಳಿದವರ ಹಿಂದೆಯೇ ಹಳ್ಳಿಗಳಿಗೆ ಬಾವಿಗಳು ಬಂದವು. ದಕ್ಷಿಣದಲ್ಲಿ ಇಪ್ಪತ್ತು ವರ್ಷಗಳ ಹಿಂದೆ ನಡೆದದ್ದು ಇಲ್ಲಿ ಮತ್ತೆ ಮೊದಲಿನಿಂದ ಆರಂಭವಾಯಿತು.

ಕಡೆಗೆ, ಪಂಪಿನ ಸಿಲಿಂಡರನ್ನು ಹೊತ್ತ ಆ ಕಬ್ಬಿಣದ ಪೈಪಿನ ವಿಷಯ. ಉಗಾಂಡದ ಎಷ್ಟೋ ಕಡೆ ನೆಲದೊಳಗಿನ ನೀರು ಆಮ್ಲಗುಣವುಳ್ಳದ್ದು, ಜಿ.ಐ. ಎಂದು ಕರೆಯುವ ಆ ಪೈಪಿನ ಸತುವಿನ ಲೇಪವನ್ನು ಅದು ಕೆಲವು ವರ್ಷಗಳಲ್ಲಿಯೇ ತಿಂದು, ಒಳಗಿನ ಕಬ್ಬಿಣವನ್ನು ಕರಗಿಸುತ್ತದೆ. ಬೆಳಗ್ಗೆ ಮೊದಲು ಹಿಡಿ ಒತ್ತಿದಾಗ ಬರುವ ನೀರು ಇಟ್ಟಿಗೆಯ ಬಣ್ಣದ್ದು. ಚಹ ಕಪ್ಪಾಗುತ್ತದೆ, ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ, ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ. ಪಂಪು ಕೆಡದಿದ್ದರೂ ಹೆಂಗಸರು ಮತ್ತೆ ಜೌಗಿಗೆ ಇಳಿದರು. ಪೈಪುಗಳನ್ನು ಎಳೆದು ಹುಲ್ಲಿನ ಮೇಲೆ ಹಾಕಿದ ರಿಪೇರಿಗಾರರು ಅವುಗಳ ಮೈಮೇಲೆ ಬೆರಳು ಹೋಗುವಷ್ಟು ತೂತುಗಳನ್ನು ವರ್ಷವರ್ಷವೂ ಕಂಡರು. 2010ರ ಆಸುಪಾಸಿನಿಂದ ಆ ರಿಪೇರಿಗಾರರು ಜಿಲ್ಲೆ ಜಿಲ್ಲೆಗಳಲ್ಲಿ ಸಂಘಗಳನ್ನು ಕಟ್ಟಿಕೊಂಡು ಜಿಲ್ಲಾ ಕಛೇರಿಗಳೊಡನೆ ಒಪ್ಪಂದ ಮಾಡಿಕೊಳ್ಳತೊಡಗಿದ್ದರು. 2016ರಲ್ಲಿ ಮಂತ್ರಾಲಯ ಹೊಸ ಬಾವಿಗಳಿಗೂ ರಿಪೇರಿಗೂ ಜಿ.ಐ. ಪೈಪು ಬಳಸುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ತುಕ್ಕು ಹಿಡಿಯದ ಉಕ್ಕಿನ ಪೈಪು ಬಂದಿತು. ಇತ್ತ ಮಂಡಲಿಗಳ ಕಡೆಯಲ್ಲಿಯೂ ಬದಲಾವಣೆ ಬಂದಿತು: 2018ರ ಜುಲೈ 10ರಂದು, ಹದಿನೇಳು ವರ್ಷಗಳ ನಂತರ, ಗ್ರಾಮಮಂಡಲಿಗಳಿಗೆ ಮತ್ತೆ ಚುನಾವಣೆ ನಡೆಯಿತು. ಯಾರಿಗೂ ಮತಪತ್ರ ಕೊಡಲಿಲ್ಲ. ಮೊದಲಿನಂತೆಯೇ ಜನ ಬಯಲಿನಲ್ಲಿ ಅಭ್ಯರ್ಥಿಗಳ ಹಿಂದೆ ಸಾಲು ನಿಂತರು. 2001ರಲ್ಲಿ ತಾಯಿಯ ಬೆನ್ನಿಗೆ ಕಟ್ಟಿಸಿಕೊಂಡು ಆ ಬಯಲಿಗೆ ಬಂದಿದ್ದ ಕೂಸುಗಳ ವಾರಗೆಯವರು, ಹದಿನೆಂಟು ತುಂಬಲು ಇನ್ನೂ ಒಂದು ವರ್ಷ ಕಡಮೆಯಿದ್ದುದರಿಂದ, ಪಕ್ಕದಲ್ಲಿ ನಿಂತು ತಲೆಗಳನ್ನು ಎಣಿಸುವುದನ್ನು ನೋಡಿದರು.